ಸವಣೂರಿನ ದೊಡ್ಡ ಹುಣಸೆ: ವಯಸ್ಸಿನ ಲೆಕ್ಕ, ಬಂದ ದಾರಿ

ಸವಣೂರು ಪಟ್ಟಣದ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಬೆಳೆದ ಮೂರು ಮರಗಳನ್ನು ಮೊದಲ ಸಲ ನೋಡಿದವರ ಕಣ್ಣು ಬುಡದಲ್ಲೇ ನಿಂತುಬಿಡುತ್ತದೆ. ಸುತ್ತಳತೆ ಹತ್ತು ಮೀಟರಿಗೂ ಮಿಗಿಲು. ಅಷ್ಟು ದಪ್ಪಕ್ಕೆ ತಕ್ಕ ಎತ್ತರವಿಲ್ಲ. ಬೂದು ಬಣ್ಣದ ತೊಗಟೆ ಆನೆಯ ಕಾಲಿನಂತೆ ಮಡಿಕೆ ಮಡಿಕೆಯಾಗಿ ನೆಲಕ್ಕಿಳಿದಿದೆ. ಮೇಲೆ ಹೋದಂತೆ ಬೊಡ್ಡೆ ಥಟ್ಟನೆ ಸಣ್ಣದಾಗಿ ಮೊಂಡು ಕೊಂಬೆಗಳಾಗಿ ಒಡೆಯುತ್ತದೆ. ಬೇಸಿಗೆಯಲ್ಲಿ ಒಂದೂ ಎಲೆಯಿಲ್ಲದೆ ಬೋಳಾಗಿರುವ ಈ ಮರಗಳು ಮುಂಗಾರು ಬಿದ್ದ ಮೇಲೆ ಚಿಗುರುತ್ತವೆ. ಊರವರಿಗೆ ಇವು ದೊಡ್ಡ ಹುಣಸೆ. ಸಸ್ಯಶಾಸ್ತ್ರದಲ್ಲಿ ಇವುಗಳ ಹೆಸರು ಅಡನ್ಸೋನಿಯ ಡಿಜಿಟೇಟಾ. ಬೇರೆ ದೇಶಗಳಲ್ಲಿ ಬಾವೊಬಾಬ್ ಎಂದು ಪ್ರಸಿದ್ಧವಾದ, ಆಫ್ರಿಕಾ ಖಂಡದ ಮರ ಇದು.

ಸಮುದ್ರದಾಚೆಯ ಮರ ಘಟ್ಟದ ಮೇಲಿನ ಈ ಬಯಲು ಸೀಮೆಗೆ ಯಾವ ದಾರಿಯಿಂದ ಬಂತು, ಬಂದು ಎಷ್ಟು ಕಾಲವಾಯಿತು ಎಂಬ ಎರಡು ಪ್ರಶ್ನೆಗಳು ಸುಲಭದವಲ್ಲ. ಇವು ಎರಡು ಸಾವಿರ ವರ್ಷ ಹಳೆಯವು ಎಂಬುದು ಸವಣೂರಿನಲ್ಲಿ ಬಹುಕಾಲದಿಂದ ನಡೆದು ಬಂದ ಮಾತು. ಮರದ ಗಾತ್ರ ನೋಡಿದವರಿಗೆ ಆ ಮಾತು ಸಹಜವೆನಿಸುತ್ತದೆ. ಆದರೆ ಬಾವೊಬಾಬಿನ ವಿಷಯದಲ್ಲಿ ಗಾತ್ರ ನೋಡಿ ವಯಸ್ಸು ಹೇಳುವುದು ಎಷ್ಟು ಅಪಾಯದ ಕೆಲಸ ಎಂಬುದನ್ನು ವಿಜ್ಞಾನ ಎರಡೂವರೆ ಶತಮಾನ ಎಡವಿ ಎಡವಿ ಕಲಿತಿದೆ.

ಮೊದಲು ಮರದ ಸ್ವಭಾವ. ಬಾವೊಬಾಬ್ ಹತ್ತಿ, ಬೆಂಡೆ, ದಾಸವಾಳಗಳಿರುವ ಕುಟುಂಬಕ್ಕೆ ಸೇರಿದ್ದು. ಬೂರುಗದ ಮರ ಇದರ ಇನ್ನೂ ಹತ್ತಿರದ ನೆಂಟ. ಹುಣಸೆಯೊಂದಿಗೆ ಯಾವ ಸಂಬಂಧವೂ ಇಲ್ಲ. ಆದರೂ ಹೆಸರು ಹುಣಸೆಯದ್ದಾಗಲು ಕಾರಣ ಹಣ್ಣು. ಉದ್ದನೆಯ ತೊಟ್ಟಿನಲ್ಲಿ ಜೋತಾಡುವ ಈ ಹಣ್ಣಿನ ಮೇಲ್ಮೈಗೆ ಮಖಮಲ್ಲಿನ ನುಣುಪಿದೆ, ಒಳಗೆ ಕಟ್ಟಿಗೆಯಷ್ಟು ಗಟ್ಟಿಯಾದ ಕವಚವಿದೆ. ಕಲ್ಲಿಗೆ ಕುಟ್ಟಿ ಒಡೆದರೆ ರಸ ಬರುವುದಿಲ್ಲ. ಕೆಂಪು ನಾರುಗಳ ನಡುವೆ ಬಿಳಿಯ ಒಣ ತಿರುಳು ಗಂಟುಗಂಟಾಗಿ ಸಿಗುತ್ತದೆ, ಪ್ರತಿ ಗಂಟಿನೊಳಗೂ ಕಡುಗಂದು ಬೀಜವೊಂದು ಇರುತ್ತದೆ. ತಿರುಳನ್ನು ಬೆರಳಿನಿಂದ ತಿಕ್ಕಿದರೆ ಹಿಟ್ಟಾಗುತ್ತದೆ, ನಾಲಿಗೆಗೆ ಇಟ್ಟರೆ ಚುರುಕ್ಕೆನ್ನುವ ಹುಳಿ. ತೂಕಕ್ಕೆ ತೂಕ ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವ ಇದರಲ್ಲಿದೆ. 2008ರಲ್ಲಿ ಯುರೋಪಿಯನ್ ಒಕ್ಕೂಟ ಈ ತಿರುಳನ್ನು ಆಹಾರ ಪದಾರ್ಥವಾಗಿ ಮಾರಲು ಅನುಮತಿ ಕೊಟ್ಟ ಮೇಲೆ ಅದು ಪುಡಿಯ ರೂಪದಲ್ಲಿ ದೇಶದೇಶಗಳ ಅಂಗಡಿ ಸೇರಿದೆ. ಮಧ್ಯಪ್ರದೇಶದ ಮಾಂಡುವಿನಲ್ಲಿ ಇದೇ ಹಣ್ಣನ್ನು ಮಾಂಡುವಿನ ಹುಣಸೆ ಎಂದು ರಸ್ತೆಬದಿಯಲ್ಲಿ ಬಹುಕಾಲದಿಂದ ಮಾರುತ್ತಾರೆ.

ಹೂವಿನ ಆಯುಷ್ಯ ಒಂದೇ ರಾತ್ರಿಯದು. ಅಂಗೈಗಿಂತ ದೊಡ್ಡದಾದ ಬಿಳಿ ಹೂ ತಲೆಕೆಳಗಾಗಿ ಜೋತು ಸಂಜೆಗತ್ತಲಿಗೆ ಅರಳುತ್ತದೆ, ಮರುದಿನ ಕಂದುಬಣ್ಣಕ್ಕೆ ತಿರುಗಿ ಉದುರುತ್ತದೆ. ಅದರ ವಾಸನೆ ಮನುಷ್ಯರಿಗೆ ಹಿಡಿಸುವಂಥದ್ದಲ್ಲ; ಅದು ಹಣ್ಣು ತಿನ್ನುವ ಬಾವಲಿಗಳನ್ನು ಕರೆಯಲು ಬೀರುವ ವಾಸನೆ. ಎಲೆ ಅಂಗೈಯಿಂದ ಬೆರಳು ಹೊರಟಂತೆ ಐದರಿಂದ ಏಳು ಎಸಳಾಗಿ ಹರಡುತ್ತದೆ. ತೊಗಟೆ ಸುಲಿದು ನಾರು ತೆಗೆದರೂ ಮರ ಸಾಯುವುದಿಲ್ಲ, ಹೊಸ ತೊಗಟೆ ಬೆಳೆಸಿಕೊಳ್ಳುತ್ತದೆ. ಬೊಡ್ಡೆಯ ಒಳಭಾಗ ಮೆತ್ತಗೆ, ನೀರಿನಿಂದ ತುಂಬಿರುತ್ತದೆ. ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚಿನ ಪಾಲು ನೀರೇ. ಇಂಥ ಕಟ್ಟಿಗೆ ತೊಲೆಗೆ ಬಾರದು, ಹಲಗೆಗೆ ಬಾರದು, ಒಲೆಗೂ ಸರಿಯಾಗಿ ಬಾರದು. ಬಡಗಿಗೂ ಸೌದೆಯವರಿಗೂ ಬೇಡವಾದ ಗುಣವೇ ಈ ಮರದ ಪ್ರಾಣ ಕಾಯ್ದಿದೆ ಎನ್ನಬೇಕು. ಸವಣೂರಿನಲ್ಲಿ ಮಠದ ಆಸರೆಯೂ ಅದಕ್ಕೆ ಸೇರಿತು.

ಈ ಮರದ ಸುದ್ದಿ ಹೊರಜಗತ್ತಿಗೆ ತಲುಪಿಸಿದವರು ಪ್ರವಾಸಿಗರು. 1352ರಲ್ಲಿ ಮಾಲಿ ರಾಜ್ಯಕ್ಕೆ ಹೊರಟ ಇಬ್ನ್ ಬತೂತಾ ದಾರಿಯಲ್ಲಿ ಭಾರಿ ಮರಗಳನ್ನು ಕಂಡ. ಅಂಥ ಒಂದು ಮರದ ಪೊಟರೆಯೊಳಗೆ ನೇಕಾರನೊಬ್ಬ ಮಗ್ಗ ಹೂಡಿ ನೇಯುತ್ತಿದ್ದುದನ್ನು ಬರೆದಿಟ್ಟ. ಅವು ಬಾವೊಬಾಬ್‌ಗಳೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಎರಡೂವರೆ ಶತಮಾನದ ಬಳಿಕ, 1592ರಲ್ಲಿ, ಇಟಲಿಯ ವೈದ್ಯ ಪ್ರಾಸ್ಪೆರೊ ಆಲ್ಪೀನಿ ಈಜಿಪ್ಟಿನ ಸಸ್ಯಗಳ ಕುರಿತ ತನ್ನ ಪುಸ್ತಕದಲ್ಲಿ ಕೈರೋದ ಮಾರುಕಟ್ಟೆಗೆ ಬರುತ್ತಿದ್ದ ಈ ಹಣ್ಣನ್ನು ವರ್ಣಿಸಿದ. ಮರವನ್ನೇ ಎದುರಿಗೆ ನಿಂತು ಅಭ್ಯಾಸ ಮಾಡಿದವನು ಮಿಶೆಲ್ ಅಡನ್ಸನ್. 1749ರಲ್ಲಿ ಸೆನೆಗಾಲ್ ತಲುಪಿದಾಗ ಈ ಫ್ರೆಂಚ್ ತರುಣನಿಗೆ ಇಪ್ಪತ್ತೆರಡರ ಪ್ರಾಯ. ಅಲ್ಲಿ ಸುಮಾರು ಐದು ವರ್ಷ ಇದ್ದು ಸಸ್ಯ, ಪ್ರಾಣಿ, ಭಾಷೆಗಳ ವಿವರ ಸಂಗ್ರಹಿಸಿದ. ಅವನ ಗೌರವಾರ್ಥ ಸಸ್ಯಶಾಸ್ತ್ರಜ್ಞ ಲಿನೇಯಸ್ ಮರದ ಕುಲಕ್ಕೆ ಅಡನ್ಸೋನಿಯ ಎಂದು ಹೆಸರಿಟ್ಟ.

ವಯಸ್ಸಿನ ವಿವಾದ ಶುರುವಾದದ್ದೂ ಅಡನ್ಸನ್ನನಿಂದಲೇ. ಇಂದಿನ ಡಾಕಾರ್ ನಗರದ ಬಳಿಯ ಸಣ್ಣ ದ್ವೀಪವೊಂದರ ಬಾವೊಬಾಬ್ ಮರಗಳ ಮೇಲೆ ಹಿಂದಿನ ಶತಮಾನಗಳ ಯುರೋಪಿನ ನಾವಿಕರು ತಮ್ಮ ಹೆಸರು, ಇಸವಿ ಕೆತ್ತಿದ್ದರು. ಕೆತ್ತಿದ ಕಾಲದಿಂದ ಮರ ಎಷ್ಟು ಬೆಳೆದಿದೆ ಎಂದು ಅಂದಾಜು ಮಾಡಿ, ಆ ವೇಗವನ್ನೇ ಹಿಂದಕ್ಕೆ ಎಳೆದು, ಮೂವತ್ತು ಅಡಿ ವ್ಯಾಸದ ಮರಕ್ಕೆ 5,150 ವರ್ಷ ಎಂದು ಅವನು ಲೆಕ್ಕ ಹಾಕಿದ. ಬೈಬಲಿನ ಕಾಲಗಣನೆಯನ್ನು ನಂಬಿದವರಿಗೆ ಇದು ಜಲಪ್ರಳಯಕ್ಕೂ ಮೊದಲಿನ ಮರವಾಗಿಬಿಟ್ಟಿತು. 19ನೇ ಶತಮಾನದಲ್ಲಿ ಆಫ್ರಿಕಾದ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಈ ಲೆಕ್ಕವನ್ನು ಪ್ರಶ್ನಿಸಿದ. ಅಡನ್ಸನ್ನನ ಗಣಿತ ಸರಿಯಿತ್ತು, ಅದರ ಅಡಿಪಾಯ ಸರಿಯಿರಲಿಲ್ಲ. ಎಳೆಯ ಬಾವೊಬಾಬ್ ಬೇಗ ಬೇಗ ದಪ್ಪವಾಗುತ್ತದೆ, ವಯಸ್ಸಾದಂತೆ ಬೆಳವಣಿಗೆ ತೀರ ನಿಧಾನವಾಗುತ್ತದೆ. ಬರಗಾಲದಲ್ಲಿ ನೀರು ಕಳೆದುಕೊಂಡು ಬೊಡ್ಡೆ ಕುಗ್ಗುವುದೂ ಉಂಟು. ಸಾಗುವಾನಿಯಲ್ಲಿ ಎಣಿಸುವಂತೆ ಬೆಳವಣಿಗೆಯ ಉಂಗುರಗಳನ್ನು ಎಣಿಸೋಣವೆಂದರೆ ಉಂಗುರಗಳು ಮಸುಕು. ಹಳೆಯ ಮರದಲ್ಲಿ ನಡುಭಾಗವೇ ಟೊಳ್ಳು.

ಇದಕ್ಕೆ ಬೇರೆ ಗಡಿಯಾರ ಬೇಕಿತ್ತು. ಅದು ಸಿಕ್ಕಿದ್ದು 1940ರ ದಶಕದ ಕೊನೆಯಲ್ಲಿ. ಷಿಕಾಗೋದಲ್ಲಿ ವಿಲ್ಲರ್ಡ್ ಲಿಬ್ಬಿ ಮತ್ತು ಸಂಗಡಿಗರು ವಿಕಿರಣ ಇಂಗಾಲದಿಂದ ಕಾಲ ಅಳೆಯುವ ವಿಧಾನ ರೂಪಿಸಿದರು. ಲಿಬ್ಬಿಗೆ 1960ರಲ್ಲಿ ನೊಬೆಲ್ ಬಂತು. ವಿಶ್ವಕಿರಣಗಳಿಂದ ವಾತಾವರಣದಲ್ಲಿ ಇಂಗಾಲ-14 ಸದಾ ಹುಟ್ಟುತ್ತಿರುತ್ತದೆ. ಗಿಡಮರಗಳು ಗಾಳಿಯಿಂದ ಇಂಗಾಲ ಪಡೆಯುವಾಗ ಅದರ ಅಲ್ಪ ಅಂಶವೂ ಕಟ್ಟಿಗೆಯಲ್ಲಿ ಸೇರುತ್ತದೆ. ಆ ಕಟ್ಟಿಗೆಯ ಪದರ ಬೆಳೆದು ಮುಗಿದ ಮೇಲೆ ಹೊಸ ಇಂಗಾಲ ಬರುವುದಿಲ್ಲ. ಇದ್ದ ಇಂಗಾಲ-14 ಮಾತ್ರ ಕ್ಷಯಿಸುತ್ತ 5,730 ವರ್ಷಕ್ಕೆ ಅರ್ಧವಾಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಪದರದ ವಯಸ್ಸು ತಿಳಿಯುತ್ತದೆ. ವಾತಾವರಣದ ಇಂಗಾಲ-14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲವಾದ್ದರಿಂದ, ವಯಸ್ಸು ಗೊತ್ತಿರುವ ಮರಗಳ ಉಂಗುರಗಳೊಡನೆ ಹೋಲಿಸಿ ಲೆಕ್ಕವನ್ನು ತಿದ್ದಿಕೊಳ್ಳುತ್ತಾರೆ.

ಈ ವಿಧಾನ ಸವಣೂರು ಇರುವ ಹಾವೇರಿ ಜಿಲ್ಲೆಗೆ ಹೊಸದಲ್ಲ. ಹಿರೇಕೆರೂರು ಸೀಮೆಯ ತುಂಗಭದ್ರಾ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕ ಇದ್ದಿಲನ್ನು ಇಂಗಾಲ-14 ವಿಧಾನದಿಂದ ಪರೀಕ್ಷಿಸಿದಾಗ ಈ ಭಾಗದಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಸುಮಾರಿಗೇ ಇತ್ತೆಂದು ತೋರಿತು. ದಕ್ಷಿಣ ಭಾರತಕ್ಕೆ ಕಬ್ಬಿಣ ಬಹಳ ತಡವಾಗಿ ಬಂತೆಂಬ ಅಂದಿನ ತಿಳಿವಳಿಕೆ ಅದರಿಂದ ಅಲುಗಾಡಿತು. ಮಣ್ಣಿನಡಿಯ ಇದ್ದಿಲಿಗೆ ವಯಸ್ಸು ಹೇಳಿದ ವಿಧಾನ ನಿಂತ ಮರಕ್ಕೂ ಹೇಳಬಲ್ಲದು.

ಬಾವೊಬಾಬಿಗೆ ಅದನ್ನು ಮೊದಲು ಅನ್ವಯಿಸಿದವರು ಎಡ್ವರ್ಡ್ ಸ್ವಾರ್ಟ್. ಆಫ್ರಿಕಾದ ಕರಿಬಾ ಜಲಾಶಯದ ಪ್ರದೇಶದಲ್ಲಿದ್ದ 4.5 ಮೀಟರ್ ವ್ಯಾಸದ ಮರವೊಂದು ಸುಮಾರು ಸಾವಿರ ವರ್ಷದ್ದೆಂದು ಅವರು 1963ರಲ್ಲಿ ಪ್ರಕಟಿಸಿದರು. ಆಮೇಲೆ ಬಹುಕಾಲ ಈ ಕೆಲಸ ಮುಂದುವರಿಯಲಿಲ್ಲ. ಕೆಲವೇ ಮಿಲಿಗ್ರಾಂ ಕಟ್ಟಿಗೆಯಲ್ಲಿ ಇಂಗಾಲ-14ರ ಪರಮಾಣುಗಳನ್ನು ನೇರವಾಗಿ ಎಣಿಸುವ ವೇಗವರ್ಧಕ ಯಂತ್ರಗಳು ಬಂದ ಮೇಲೆ ಮರ ಕಡಿಯದೆ, ತೆಳ್ಳನೆಯ ಸಲಾಕೆಯಷ್ಟು ಮಾದರಿ ತೆಗೆದು ಪರೀಕ್ಷಿಸಲು ಸಾಧ್ಯವಾಯಿತು. ರೊಮೇನಿಯಾದ ಆದ್ರಿಯಾನ್ ಪಾತ್ರುತ್ ಮತ್ತು ಅವರ ತಂಡ 2005ರ ಆಸುಪಾಸಿನಿಂದ ಆಫ್ರಿಕಾದ ದೊಡ್ಡ ದೊಡ್ಡ ಬಾವೊಬಾಬ್‌ಗಳನ್ನು ಹೀಗೆ ಅಳೆಯಲು ಹೊರಟಿತು. ಸಿಕ್ಕ ಉತ್ತರ ಅಳೆದವರನ್ನೇ ಬೆರಗುಗೊಳಿಸಿತು.

ಬೊಡ್ಡೆಯ ನಟ್ಟನಡುವೆ ಅತಿ ಹಳೆಯ ಕಟ್ಟಿಗೆ, ಹೊರಕ್ಕೆ ಬಂದಂತೆ ಹೊಸದು ಎಂಬುದು ಮರಗಳ ಸಾಮಾನ್ಯ ನಿಯಮ. ಅನೇಕ ದೊಡ್ಡ ಬಾವೊಬಾಬ್‌ಗಳಲ್ಲಿ ಪೊಟರೆಯ ಒಳಗೋಡೆಯಿಂದ ಹೊರಕ್ಕೆ ಬರುತ್ತ ವಯಸ್ಸು ಮೊದಲು ಹೆಚ್ಚುತ್ತದೆ, ಗೋಡೆಯೊಳಗೆ ಒಂದು ಜಾಗದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಒಂದೇ ಬೊಡ್ಡೆ ಕೊಳೆತು ಟೊಳ್ಳಾಗಿದ್ದರೆ ಹೀಗಾಗಲು ಸಾಧ್ಯವಿಲ್ಲ. ಹಲವು ಕಾಂಡಗಳು ಉಂಗುರಾಕಾರವಾಗಿ ಎದ್ದು, ದಪ್ಪವಾಗುತ್ತ ಒಂದಕ್ಕೊಂದು ಬೆಸೆದು, ನಡುವಿನ ಬಯಲನ್ನು ಸುತ್ತುವರಿದಿವೆ ಎಂಬುದೇ ಇದರ ಅರ್ಥ. ಜನ ಪೊಟರೆ ಎಂದುಕೊಂಡದ್ದು ಅಂಥ ಮರಗಳಲ್ಲಿ ಎಂದೂ ಕಟ್ಟಿಗೆಯೇ ಇರದಿದ್ದ ಜಾಗ. ಅದರ ಒಳಗೋಡೆಗೂ ತೊಗಟೆಯಿರುತ್ತದೆ. ಹೀಗಿರುವಾಗ ಹಲವು ಕಾಂಡ ಕೂಡಿ ಆದ ಸುತ್ತಳತೆಯನ್ನು ಒಂದೇ ಮರದ ಬೆಳವಣಿಗೆ ಎಂದು ಭಾಗಿಸಿದರೆ ಬರುವ ವಯಸ್ಸು ಹುಸಿ. ಸಣ್ಣ ಮರ ಹಳೆಯದಾಗಿರಬಹುದು, ಭಾರಿ ಮರ ಎಳೆಯದಾಗಿರಬಹುದು. ಈವರೆಗೆ ಅಳೆದವುಗಳಲ್ಲಿ ಅತಿ ಹಿರಿಯದು ಜಿಂಬಾಬ್ವೆಯ ಪಾಂಕೆ ಎಂಬ ಮರ. ಅದು ಉರುಳುವ ಹೊತ್ತಿಗೆ ಸುಮಾರು 2,450 ವರ್ಷ ಬಾಳಿತ್ತು. ಸಾವಿರ ದಾಟಿದವು ಆಫ್ರಿಕಾದಲ್ಲೇ ಕೆಲವೇ ಕೆಲವು.

ಭಾರತದ ಎರಡು ಮರಗಳ ಫಲಿತಾಂಶ ಇದೇ ತಂಡದಿಂದ ಭಾರತೀಯ ಸಸ್ಯವಿಜ್ಞಾನಿಗಳ ಜತೆಗೂಡಿ 2020ರಲ್ಲಿ ಪ್ರಕಟವಾಯಿತು. ಉತ್ತರಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂತೂರಿನಲ್ಲಿ ಪಾರಿಜಾತ ಎಂದು ಪೂಜೆಗೊಳ್ಳುವ ಬಾವೊಬಾಬ್ ಒಂದು, ಪ್ರಯಾಗರಾಜ್ (ಹಿಂದಿನ ಅಲಹಾಬಾದ್) ಬಳಿಯ ಝೂಸಿಯದು ಇನ್ನೊಂದು. ಕಿಂತೂರಿನ ಮರವನ್ನು ಮಹಾಭಾರತದ ಕಾಲದ್ದೆಂದು ಜನ ನಂಬಿದ್ದಾರೆ. ಅಳತೆಯಲ್ಲಿ ಎರಡೂ ಸುಮಾರು 800 ವರ್ಷದವು ಎಂದು ಬಂತು, ಆಫ್ರಿಕಾದ ಹೊರಗೆ ವಯಸ್ಸು ಅಳೆದ ಬಾವೊಬಾಬ್‌ಗಳಲ್ಲಿ ಅತಿ ಹಿರಿಯವು ಎಂಬ ಪಟ್ಟವೂ ಸಿಕ್ಕಿತು. ಸವಣೂರಿನ ಎರಡು ಸಾವಿರ ವರ್ಷದ ಮಾತನ್ನು ತೂಗಲು ಇರುವ ತಕ್ಕಡಿ ಇದೇ. ಪುರಾಣ ಹೇಳುವಷ್ಟು ಇಲ್ಲದಿದ್ದರೂ 800 ವರ್ಷ ಸಣ್ಣದೇನಲ್ಲ. ಹಾನಗಲ್ಲಿನಲ್ಲಿ ಕದಂಬರು ಆಳುತ್ತಿದ್ದ ಕಾಲ ಅದು.

ಇನ್ನು ಬಂದ ದಾರಿ. ಬಾವೊಬಾಬಿನಲ್ಲಿ ಎಂಟು ಪ್ರಭೇದಗಳಿವೆ. ಆರು ಮಡಗಾಸ್ಕರಿನವು, ಒಂದು ಆಫ್ರಿಕಾದ ನೆಲದ್ದು, ಒಂದು ಆಸ್ಟ್ರೇಲಿಯಾದ್ದು. ಇವುಗಳ ಮೂಲ ಮಡಗಾಸ್ಕರ್, ಅಲ್ಲಿಂದ ಬೀಜಗಳು ಸಮುದ್ರದ ಸೆಳವಿನಲ್ಲಿ ತೇಲಿ ಎರಡೂ ಖಂಡ ಮುಟ್ಟಿದವು ಎಂದು ಎಲ್ಲ ಎಂಟರ ಜೀನೋಮ್ ಓದಿದ ಸಂಶೋಧಕರು 2024ರಲ್ಲಿ ತೀರ್ಮಾನಿಸಿದ್ದಾರೆ. ಹಾಗಾದರೆ ಭಾರತಕ್ಕೂ ತೇಲಿಯೇ ಬಂದಿರಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಆದರೆ ಇಲ್ಲಿ ಮರಗಳು ಇರುವ ಜಾಗ ಬೇರೆಯೇ ಮಾತು ಹೇಳುತ್ತದೆ. ಗೋಲ್ಕೊಂಡದ ಹೊಸ ಕೋಟೆ, ವಿಜಯಪುರದ ಆದಿಲಶಾಹಿ ಅವಶೇಷಗಳ ಆಸುಪಾಸು, ಮಾಂಡುವಿನ ಸುಲ್ತಾನರ ಕೋಟೆ, ಪಶ್ಚಿಮ ಕರಾವಳಿಯ ಹಳೆಯ ಬಂದರುಗಳು, ಮಠ, ದರ್ಗಾಗಳ ಅಂಗಳ: ಎಲ್ಲವೂ ಮನುಷ್ಯ ಓಡಾಡಿದ ಜಾಗಗಳೇ. ದಟ್ಟ ಕಾಡಿನ ನಡುವೆ ತಾನಾಗಿ ಹಬ್ಬಿದ ಬಾವೊಬಾಬ್ ತೋಪು ಈ ನಾಡಿನಲ್ಲಿಲ್ಲ.

2015ರಲ್ಲಿ ಕರೆನ್ ಬೆಲ್, ಹರಿಪ್ರಿಯಾ ರಂಗನ್ ಮತ್ತು ಸಂಗಡಿಗರು ಆಫ್ರಿಕಾ, ಭಾರತ, ಮಾರಿಷಸ್ ಸುತ್ತಲ ದ್ವೀಪಗಳು ಹಾಗೂ ಮಲೇಷ್ಯಾದ ಮರಗಳ ಡಿಎನ್‌ಎಯನ್ನು ಹತ್ತು ಗುರುತುಗಳಲ್ಲಿ ಹೋಲಿಸಿ ನೋಡಿದರು. ಭಾರತದ ಮರಗಳಿಗೆ ಅತಿ ಹತ್ತಿರದವು ಮೊಂಬಾಸಾದಿಂದ ದಾರ್ ಎಸ್ ಸಲಾಮ್ ವರೆಗಿನ ಪೂರ್ವ ಆಫ್ರಿಕಾ ಕರಾವಳಿಯ ಮರಗಳು ಎಂದು ಕಂಡಿತು. ಆಗ್ನೇಯ ಭಾರತದ ಮರಗಳು ಮಾತ್ರ ಪಶ್ಚಿಮ ಆಫ್ರಿಕಾದ ಗುಂಪಿಗೆ ಸೇರಿದವು. ಅವು 18, 19ನೇ ಶತಮಾನದ ಯುರೋಪಿಯನ್ನರ ಹಡಗುಗಳಲ್ಲಿ ಬಂದವು. ಪಶ್ಚಿಮ ಮತ್ತು ಮಧ್ಯ ಭಾರತದ ಮರಗಳಲ್ಲಿ ಆಫ್ರಿಕಾದಲ್ಲಿ ಸಿಗದ ಕೆಲವು ವಂಶಗುರುತುಗಳೂ ಇದ್ದವು. ಅಂಥ ಗುರುತು ಒಂದೆರಡು ತಲೆಮಾರಿನಲ್ಲಿ ಮೂಡುವುದಿಲ್ಲ. ಹಿಂದೆ ಅಂದುಕೊಂಡದ್ದಕ್ಕಿಂತ ಉದ್ದನೆಯ ಕಾಲಾವಧಿಯಲ್ಲಿ, ಒಂದಕ್ಕಿಂತ ಹೆಚ್ಚು ಸಲ ಈ ಮರ ಭಾರತಕ್ಕೆ ಬಂದಿದೆ ಎಂಬುದು ಅಧ್ಯಯನದ ತಿರುಳು.

ಆಫ್ರಿಕಾದ ಸಸ್ಯ ಎಂದರೆ ಈ ಸೀಮೆಗೆ ಪರಕೀಯ ಎಂದು ಭಾವಿಸಬೇಕಿಲ್ಲ. ದಿನದ ರೊಟ್ಟಿಯ ಜೋಳ ಆಫ್ರಿಕಾದ್ದು, ರಾಗಿ ಆಫ್ರಿಕಾದ್ದು, ಅಲಸಂದೆ ಆಫ್ರಿಕಾದ್ದು. ಸಾರಿಗೆ ಹಾಕುವ ಹುಣಸೆಯ ತವರೂ ಅದೇ ಖಂಡ. ಜೋಳ, ರಾಗಿಗಳು ಬಂದು ಸಾವಿರಾರು ವರ್ಷಗಳಾಗಿ ಇಲ್ಲಿನವೇ ಆಗಿವೆ. ಆಮೇಲೂ ಅರಬ್ಬಿ ಸಮುದ್ರದ ಹಾಯಿಹಡಗುಗಳು ಮಾರುತದ ಗಾಳಿ ಹಿಡಿದು ಪ್ರತಿ ವರ್ಷ ಆ ಕರೆಯಿಂದ ಈ ಕರೆಗೆ ಬರುತ್ತಲೇ ಇದ್ದವು. ಗಟ್ಟಿ ಕವಚದೊಳಗೆ ಒಣಗಿ ಕೂತ ಹುಳಿ ತಿರುಳು ಹಾಳಾಗದೆ ಬಹಳ ಕಾಲ ಉಳಿಯುತ್ತದೆ. ದೂರದ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಬುತ್ತಿ ಕಡಿಮೆ.

ಹಡಗಿನಲ್ಲಿ ಬಂದವರು ವ್ಯಾಪಾರಿಗಳಷ್ಟೇ ಆಗಿರಲಿಲ್ಲ. ಆಫ್ರಿಕಾದ ಒಳನಾಡಿನಿಂದ ಸೆರೆಹಿಡಿದು ತಂದ ಜನರೂ ಇದ್ದರು. ಪೂರ್ವ ಆಫ್ರಿಕಾದ ಜಾಂಬೆಜಿ ಮತ್ತು ಕಿಲ್ವಾ ಪ್ರದೇಶದಲ್ಲಿ ಬೇರೆ ಬೇರೆ ವಂಶದ ಬಾವೊಬಾಬ್‌ಗಳು ಬೆರೆತಿರುವುದಕ್ಕೆ 15ರಿಂದ 19ನೇ ಶತಮಾನದ ಗುಲಾಮ ವ್ಯಾಪಾರವೇ ಕಾರಣವಿರಬಹುದು ಎಂದು 2015ರ ಅಧ್ಯಯನ ಹೇಳುತ್ತದೆ. ಒಳನಾಡಿನಿಂದ ಕರಾವಳಿಗೆ ನಡೆಸಿ ತಂದವರ ಜತೆ ಬೀಜವೂ ನಡೆದು ಬಂದಿರಬಹುದು. ದಖ್ಖನಿನಲ್ಲಿ ಆಫ್ರಿಕಾ ಮೂಲದ ಕೆಲವರು ಸೈನಿಕರಾಗಿ, ಸರದಾರರಾಗಿ ಮೇಲೇರಿದರು. ಅಹಮದ್‌ನಗರದ ಮಲಿಕ್ ಅಂಬರ್, ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಅಂಥವರು. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಯಲ್ಲಾಪುರ, ಹಳಿಯಾಳ, ಅಂಕೋಲಾ ಮತ್ತು ಶಿಗ್ಗಾಂವಿಗೆ ನೆರೆಯ ಮುಂಡಗೋಡಿನಲ್ಲಿ ಇಂದಿಗೂ ಇದೆ. ಉತ್ತರ ಕನ್ನಡದ ಆ ಸಿದ್ದಿ ಜನರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು.

ಸವಣೂರಿಗೆ ಬೀಜ ಬಂದಿರಬಹುದಾದ ದಾರಿಗಳು ಎರಡು. ಒಂದು ಪಶ್ಚಿಮದಿಂದ. ಗೋವೆ, ಅಂಕೋಲಾ, ಹೊನ್ನಾವರ, ಭಟ್ಕಳದ ಬಂದರುಗಳಿಂದ ಘಟ್ಟ ಹತ್ತಿ ಒಳನಾಡಿಗೆ ಹೋಗುವ ಸಾರ್ಥಗಳಿಗೆ ಶಿಗ್ಗಾಂವ ತಾಲ್ಲೂಕಿನ ಬಂಕಾಪುರ ದೊಡ್ಡ ನೆಲೆಯಾಗಿತ್ತು. 16ನೇ ಶತಮಾನದ ಪೋರ್ಚುಗೀಸ್ ಬರಹಗಳಲ್ಲೇ ಅದರ ಹೆಸರು ಬರುತ್ತದೆ. ಇನ್ನೊಂದು ಉತ್ತರದಿಂದ. 1570ರ ದಶಕದಲ್ಲಿ ಬಂಕಾಪುರ ವಿಜಯಪುರದ ಆದಿಲಶಾಹಿಗಳ ವಶವಾಯಿತು. 1686ರಲ್ಲಿ ವಿಜಯಪುರ ಔರಂಗಜೇಬನಿಗೆ ಸೋತ ಮೇಲೆ, ಅಲ್ಲಿನ ಸೇನಾನಾಯಕ ಬಹಲೋಲ್ ಖಾನನ ಮಗ ಅಬ್ದುಲ್ ರವೂಫ್ ಖಾನ್ ಬಂಕಾಪುರ ಮೊದಲಾದ 22 ಮಹಲುಗಳ ಜಹಗೀರು ಪಡೆದ. ಅವನ ವಂಶದವರೇ ಸವಣೂರಿನ ನವಾಬರು. ಭಾರತ ಸ್ವತಂತ್ರವಾಗುವವರೆಗೂ ಅವರ ಆಳ್ವಿಕೆ ಮುಂದುವರಿಯಿತು. ವಿಜಯಪುರದ ಮರಗಳ ಬೀಜ ಆದಿಲಶಾಹಿ ಕಾಲದಲ್ಲಿ ಇತ್ತ ಬಂದಿದ್ದರೆ ಸವಣೂರಿನ ಮರಗಳ ವಯಸ್ಸು ನಾಲ್ಕೂವರೆ ಶತಮಾನ ಮೀರದು. ಕರಾವಳಿಯಿಂದ ಅದಕ್ಕೂ ಮೊದಲೇ ಬಂದಿದ್ದರೆ ಕಿಂತೂರಿನ ಮರದ ಓರಗೆಯವಾಗಬಹುದು. ಇವೆರಡರಲ್ಲಿ ಯಾವುದು ಎಂದು ತೀರ್ಮಾನಿಸಲು ದಪ್ಪ ನೋಡಿದರೆ ಸಾಲದು, ಬೊಡ್ಡೆಯ ಹಲವು ಕಡೆಯಿಂದ ತೆಗೆದ ಕಟ್ಟಿಗೆಯ ಮಾದರಿ ಬೇಕು.

ವಯಸ್ಸಿನ ಜತೆಗೆ ಉಳಿವಿನ ಪ್ರಶ್ನೆಯೂ ಇದೆ. ಆಫ್ರಿಕಾದ ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9, ಅತಿ ದೊಡ್ಡ 6ರಲ್ಲಿ 5, ಸುಮಾರು ಹನ್ನೆರಡು ವರ್ಷಗಳೊಳಗೆ ಪೂರ್ತಿಯಾಗಿ ಸತ್ತಿವೆ ಇಲ್ಲವೆ ಅವುಗಳ ಹಳೆಯ ಕಾಂಡಗಳು ಕುಸಿದಿವೆ ಎಂದು ಪಾತ್ರುತ್ ತಂಡ 2018ರಲ್ಲಿ ವರದಿ ಮಾಡಿತು. ದಕ್ಷಿಣ ಆಫ್ರಿಕಾ ಭಾಗದ ಬಿಸಿ ಮತ್ತು ಬರ ಇದಕ್ಕೆ ಕಾರಣವಿರಬಹುದೆಂಬುದು ಅವರ ಶಂಕೆ. ಸಾಬೀತಾಗಲು ಇನ್ನೂ ಅಧ್ಯಯನ ಬೇಕೆಂದೂ ಅವರೇ ಹೇಳಿದರು. ಸವಣೂರಿನಲ್ಲಿ ಆದದ್ದು ಬೇರೆ ಬಗೆ. 2023ರ ಮಳೆಗಾಲದಲ್ಲಿ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿತು. ಕೊಂಬೆ ಸವರಿ, ಯಂತ್ರಗಳ ನೆರವಿನಿಂದ ಅದನ್ನು ಮತ್ತೆ ನಿಲ್ಲಿಸಿ ನೆಡುವ ಕೆಲಸ ನಡೆಯಿತು. ನೀರು ತುಂಬಿದ ಬೊಡ್ಡೆಯ ತೂಕ ಬಲ್ಲವರಿಗೆ ಅದು ಎಂಥ ಸಾಹಸ ಎಂಬುದು ತಿಳಿಯುತ್ತದೆ. ಉರುಳಿದ ಬಾವೊಬಾಬ್ ಬೇರಿನ ಒಂದು ಭಾಗ ನೆಲದಲ್ಲಿ ಉಳಿದಿದ್ದರೂ ಮತ್ತೆ ಚಿಗುರಬಲ್ಲ ಮರವಾದ್ದರಿಂದ ಆ ಪ್ರಯತ್ನಕ್ಕೆ ಆಧಾರವಿತ್ತು.

ಇಷ್ಟು ಭಾರದ ಮರ ಬೀಳುವುದಕ್ಕೆ ಕಾರಣ ಬೇರಿನ ಸ್ವಭಾವದಲ್ಲೇ ಇದೆ. ಸಸಿಯಾಗಿದ್ದಾಗ ಆಳಕ್ಕಿಳಿಯುವ ತಾಯಿಬೇರು ದೊಡ್ಡ ಮರದಲ್ಲಿ ಉಳಿಯುವುದಿಲ್ಲ; ಬದಲಿಗೆ ಬೇರುಗಳು ನೆಲದ ಮೇಲ್ಪದರದಲ್ಲೇ ಕೊಂಬೆಗಳ ನೆರಳನ್ನು ದಾಟಿ ಬಲುದೂರ ಹಬ್ಬುತ್ತವೆ. ಆಫ್ರಿಕಾದ ಒಣ ಬಯಲಿನಲ್ಲಿ ಅಪರೂಪಕ್ಕೆ ಸುರಿಯುವ ಮಳೆಯ ನೀರನ್ನು ಬೇಗ ಹೀರಲು ಅದು ತಕ್ಕ ಏರ್ಪಾಟು. ಪಟ್ಟಣದಲ್ಲಿ ಅದೇ ಬೇರಿನ ಮೇಲೆ ಕಟ್ಟೆ, ಫರಸಿ, ರಸ್ತೆ ಬಂದರೆ ಮಣ್ಣು ಗಟ್ಟಿಯಾಗಿ ಗಾಳಿಯಾಡುವುದಿಲ್ಲ; ನೀರು ನಿಂತರೆ ಬೇರು ಕೊಳೆತು ಹಿಡಿತ ಸಡಿಲವಾಗುತ್ತದೆ. ಇಂಥ ಮರವನ್ನು ಕಾಯುವ ಕೆಲಸ ಬೊಡ್ಡೆಯ ಸುತ್ತ ಕಟ್ಟೆ ಕಟ್ಟುವುದರಿಂದ ಆಗದು. ಕೊಂಬೆಯ ನೆರಳಿನಾಚೆಗೂ ನೆಲವನ್ನು ಬಯಲಾಗಿ ಬಿಟ್ಟು, ಮಳೆನೀರು ಹರಿದುಹೋಗಲು ದಾರಿ ಮಾಡಬೇಕು.

ಹೊಸ ಗಿಡ ಬೆಳೆಸಲು ಬೀಜವೂ ಆದೀತು, ಕೊಂಬೆಯೂ ಆದೀತು. ಬೀಜದ ಸಿಪ್ಪೆ ಬಲು ಗಟ್ಟಿ. ಆಫ್ರಿಕಾದಲ್ಲಿ ಆನೆ, ಬಬೂನ್‌ಗಳು ಹಣ್ಣು ತಿಂದು ಬೀಜ ಚೆಲ್ಲುತ್ತವೆ, ಅವುಗಳ ಹೊಟ್ಟೆಯಲ್ಲಿ ಸಿಪ್ಪೆ ಮೆತ್ತಗಾಗುತ್ತದೆ. ನರ್ಸರಿಯಲ್ಲಿ ಸಿಪ್ಪೆಯನ್ನು ಉಜ್ಜಿ ಅಥವಾ ಕತ್ತರಿಸಿ, ಬಿಸಿನೀರಿನಲ್ಲಿ ನೆನೆಹಾಕಿ ಬಿತ್ತುತ್ತಾರೆ. ಸಸಿಯ ಮೊದಲ ಎಲೆಗಳು ಬೆರಳು ಬೆರಳಾಗಿರದೆ ಒಂಟಿ ಎಲೆಗಳಾಗಿರುವುದರಿಂದ ನೋಡಿದವರು ಬೇರೆ ಗಿಡವೆಂದು ಕಿತ್ತುಹಾಕುವುದುಂಟು. ಬೀಜದ ಸಸಿ ಹೂಬಿಡಲು ಹತ್ತಾರು ವರ್ಷ ಕಾಯಬೇಕು. ಕೊಂಬೆ ನೆಟ್ಟು ಬೆಳೆಸಿದ ಗಿಡದಲ್ಲಿ ಹಳೆಯ ಮರದ ವಂಶಗುರುತು ಹಾಗೆಯೇ ಉಳಿಯುತ್ತದೆ.